ಪದಚರ್ಚೆ: ಸೆಪ್ಸಿಸ್‌ಗೆ ‘ನಂಜು’ ಸಾಕೇ? (ಫಲಕಕ್ಕೆ, ತುರ್ತು)

ಗೆಳೆಯರೇ,
ಸೆಪ್ಟೆಂಬರ್ 13 ವಿಶ್ವ ಸೆಪ್ಸಿಸ್ ದಿನ. ಸೋಂಕಿನಿಂದಾಗಿ ಅಂಗಾಂಗಗಳೇ ಕೆಟ್ಟು ಜೀವಕ್ಕೆ ಕುತ್ತು ಬರುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ಇಲ್ಲಿನ ಆಸ್ಪತ್ರೆಯೊಂದರ ಗೋಡೆಗೆ ಕನ್ನಡ ಫಲಕ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ನಂಜು’ ಎಂದರೆ ಸಾಕೇ, ‘ರಕ್ತನಂಜು’ ಎನ್ನಬೇಕೇ, ಸೆಪ್ಸಿಸ್ ಎಂದೇ ಉಳಿಸಬೇಕೇ?
— ಉಡುಪಿಯಿಂದ

‘ನಂಜು’. ಇದರಲ್ಲಿ ಚರ್ಚೆಗೆ ಏನಿದೆ? ಗ್ರೀಕಿನಲ್ಲಿ ಆ ಪದಕ್ಕೆ ಕೊಳೆಯುವುದು ಎಂದಷ್ಟೇ ಅರ್ಥ. ಗಾಯ ಕೊಳೆತು ಮೈಗೆ ವಿಷವೇರಿದರೆ ನಮ್ಮವರು ನಂಜೇರಿತು ಎನ್ನುತ್ತಾರೆ. ನಂಜುಂಡನನ್ನು ಪೂಜಿಸುವ ನಾಡು ಗ್ರೀಕರಿಂದ ಕಡ ತರಬೇಕಾಗಿಲ್ಲ. ‘ರಕ್ತನಂಜು’ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದ ಪದ, ಬಿಡಿ. ಬೇಕಿದ್ದರೆ ‘ನೆತ್ತರುನಂಜು’ ಎನ್ನಿ.
— ಮಂಗಳೂರಿನಿಂದ

ಅರಿಸಮಾಸದ ಮಾತು ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ.

ನಮ್ಮ ಕಡೆ ನಂಜು ಎಂದೊಡನೆ ನೆನಪಾಗುವುದು ಪಥ್ಯ. ಬದನೆ ನಂಜು, ಹಲಸು ನಂಜು. ಎರಡು ವರ್ಷದ ಹಿಂದೆ ನೇಜಿ ನೆಡುವಾಗ ದೊಡ್ಡಮ್ಮನ ಕಾಲಿಗೆ ಗಾಜಿನ ಚೂರು ತಾಗಿತು. ಪಾದ ಬಾತುಕೊಂಡಿತು, ಚಳಿಜ್ವರ ಬಂತು. ‘ನಂಜಾಗಿದೆ’ ಎಂದರು. ಮೀನು ನಿಲ್ಲಿಸಿ, ಅರಸಿನ ಹಚ್ಚಿ, ಗಂಜಿ ಕೊಟ್ಟರು. ಮೂರನೆಯ ದಿನ ದೊಡ್ಡಮ್ಮ ಏದುಸಿರು ಬಿಡುತ್ತಿದ್ದರು. ಬೆಳಗಿನಿಂದ ಮೂತ್ರ ಹೋಗಿರಲಿಲ್ಲ. ನನ್ನನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ಆಸ್ಪತ್ರೆ ಮುಟ್ಟುವಾಗ ಮೂತ್ರಪಿಂಡಗಳು ಸೋತಿದ್ದವು. ಉಳಿಸಿಕೊಳ್ಳಲಾಗಲಿಲ್ಲ. ಮನೆಯವರು ಅಸಡ್ಡೆ ಮಾಡಿದವರಲ್ಲ. ನಂಜಿಗೆ ಏನು ಮಾಡುವುದು ವಾಡಿಕೆಯೋ ಅದನ್ನೇ ಮಾಡಿದ್ದರು. ಆ ಪದವನ್ನು ನಾನು ಫಲಕದಲ್ಲಿ ಹೇಗೆ ಬರೆಯಲಿ?

ಅರ್ಥವೂ ಕೂಡುವುದಿಲ್ಲ. ಗ್ರೀಕರು ಏನೆಂದುಕೊಂಡಿದ್ದರೂ, ವೈದ್ಯರ 2016ರ ವ್ಯಾಖ್ಯೆಯಲ್ಲಿ ಕೊಳೆಯುವ ಮಾತೇ ಇಲ್ಲ. ಸೋಂಕಿನ ಎದುರು ದೇಹ ಹೂಡುವ ಹೋರಾಟವೇ ಅಂಕೆ ತಪ್ಪಿ ತನ್ನ ಅಂಗಾಂಗಗಳನ್ನು ಕೆಡಿಸಿ ಜೀವಕ್ಕೆ ಎರವಾಗುವ ಸ್ಥಿತಿ ಅದು. ಇಲಿಜ್ವರದಿಂದ, ನ್ಯುಮೋನಿಯಾದಿಂದ, ಮೂತ್ರದ ಸೋಂಕಿನಿಂದಲೂ ಬರಬಹುದು. ಹೊರಗೆ ಗಾಯವೇ ಕಾಣದಿರಬಹುದು. ರಕ್ತದೊತ್ತಡ ಕುಸಿದು ಆಘಾತದ ಹಂತ ಮುಟ್ಟಿದವರಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕು ಎನ್ನುತ್ತದೆ ವೈದ್ಯರ ಮಾರ್ಗಸೂಚಿ. ಪಥ್ಯ ಮಾಡಿ ಕಾಯುವಷ್ಟು ಹೊತ್ತು ಅಲ್ಲಿಲ್ಲ.

ಇನ್ನು ಕಡದ ಮಾತು. ನಿಮ್ಮ ಮಂಗಳೂರಿನಲ್ಲಿ ಮಲೇರಿಯಾಕ್ಕೆ ಅಚ್ಚಗನ್ನಡ ಬೇಕೆಂದು ಯಾವ ರೋಗಿ ಕೇಳಿದ್ದಾನೆ? ಹೊಸ ಹೆಸರು ಕೇಳಿದವರು ‘ಹಾಗೆಂದರೇನು’ ಎಂದು ನಿಂತು ಓದುತ್ತಾರೆ. ನನಗೆ ಬೇಕಾದದ್ದು ಅಷ್ಟೇ. ಸೆಪ್ಸಿಸ್ ಎಂದೇ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಲಕ್ಷಣಗಳನ್ನು ಹಾಕುತ್ತೇನೆ.

ತೊಡಕು ಉಳಿದಿರುವುದು ಅಲ್ಲಿ. ದೊಡ್ಡಮ್ಮ ಕೊನೆಗೆ ನನ್ನನ್ನು ತಂಗಿಯ ಹೆಸರಿನಿಂದ ಕರೆದರಲ್ಲ, ಆ ಸ್ಥಿತಿಗೆ ಕರಡಿನಲ್ಲಿ ‘ಗೊಂದಲ’ ಎಂದಿದೆ. ಯಾವ ಬಸ್ ಹತ್ತಬೇಕೆಂದು ತೋಚದಿದ್ದರೂ ಅದು ಗೊಂದಲವೇ. ‘ಮಂಕು’ ಎನ್ನಲೇ, ‘ಗುರುತು ತಪ್ಪುವುದು’ ಎನ್ನಲೇ? ನಾಳೆ ಮಧ್ಯಾಹ್ನದೊಳಗೆ ತಿಳಿಸಿ.
— ಉಡುಪಿಯಿಂದ