ಕಾಸರಗೋಡಿನಲ್ಲಿ ಚಿಕ್ಕ ರೀಫ್ ಟ್ಯಾಂಕ್: ಕಡಲ ನೀರೇ ತಂದು ಹಾಕಬಹುದಾ?

ಕುಂಬಳೆ_ಹುಡುಗ:
ಗಪ್ಪಿ, ಏಂಜೆಲ್ ಎಲ್ಲ ಸಾಕಿ ಅಭ್ಯಾಸ ಉಂಟು, ಉಪ್ಪುನೀರಿನ ಟ್ಯಾಂಕ್ ಇದೇ ಮೊದಲು. 2 ಅಡಿ ಉದ್ದದ ತೊಟ್ಟಿ ಖಾಲಿ ಬಿದ್ದಿದೆ, ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಸಾಫ್ಟ್ ಕೋರಲ್ (ಮೆತ್ತನೆಯ ಹವಳ), ಅಷ್ಟೇ ಆಸೆ. ಕಡಲು ಮನೆಯಿಂದ ಕೂಗಳತೆ ದೂರ. ನೀರು, ಹೊಯಿಗೆ (ಮರಳು) ಎರಡೂ ಅಲ್ಲಿಂದಲೇ ತಂದರೆ ಖರ್ಚು ಉಳಿಯುತ್ತದೆ ಅಲ್ವಾ? ಆನ್‌ಲೈನ್‌ನಲ್ಲಿ ಒಬ್ಬರು ರಾಮೇಶ್ವರದ ಕಡೆಯ ಲೈವ್ ರಾಕ್ (ಸಣ್ಣ ಜೀವಿಗಳಿರುವ ಕಡಲ ಕಲ್ಲು), ಗಟ್ಟಿ ಹವಳದ ತುಂಡು ಕಳಿಸುತ್ತೇನೆ ಅನ್ನುತ್ತಿದ್ದಾರೆ, ತೆಗೆದುಕೊಳ್ಳಬಹುದಾ? ಅಮ್ಮ ಈಗಲೇ ಕರೆಂಟ್ ಬಿಲ್ಲಿನ ಮಾತು ಶುರು ಮಾಡಿದ್ದಾರೆ, ಹಾಗಾಗಿ ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಬೇಡದ ದಾರಿ ಹೇಳಿ.

ಮಂಜೇಶ್ವರದವ:
ಮೊದಲು ಆ ಹವಳದ ಮಾತು ಅಲ್ಲಿಗೇ ಬಿಡಿ ಮಾರಾಯ್ರೆ. ನಮ್ಮ ಕಡಲಿನ ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿದೆ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ. ಕಡಲ ಕುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಮಾರಿದವನು ಫೋನ್ ಆಫ್ ಮಾಡಿ ಕೂರುತ್ತಾನೆ, ಮನೆಯಲ್ಲಿ ಸಿಕ್ಕಿಬೀಳುವವರು ನೀವು. ಡ್ರೈ ರಾಕ್ ಅಥವಾ ರೀಫ್‌ಗೆಂದೇ ಮಾಡಿದ ಸೆರಾಮಿಕ್ ಕಲ್ಲು ಸಾಕು, ನೀರಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲೂ ಕೂರುತ್ತದೆ. ಕೋರಲ್ ಬೇಕಾದರೆ ಟ್ಯಾಂಕಿನಲ್ಲೇ ಬೆಳೆಸಿದ ಮಶ್ರೂಮ್, ಝೋವಾ ಎಂಬ ಮೆತ್ತನೆಯ ಜಾತಿಗಳನ್ನು ಹವ್ಯಾಸಿಗಳ ಹತ್ತಿರ ಕೇಳಿ. ಕ್ಲೌನ್ ಕೂಡ ಹ್ಯಾಚರಿಯ ಮರಿಯೇ ಬೇಕು ಅನ್ನಿ. ಅದನ್ನು ಮರಿ ಮಾಡಿಸುವ ವಿಧಾನ ಸಿಎಂಎಫ್‌ಆರ್‌ಐ (ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಯವರಿಗೇ ಗೊತ್ತಿದೆ, ಕಡಲಿನಿಂದ ಹಿಡಿದದ್ದು ಯಾಕೆ?

ನೀರು ದಡದಿಂದ ಬೇಡ. ಮೊಗ್ರಾಲ್, ಶಿರಿಯಾ, ಉಪ್ಪಳ ಹೊಳೆ ಎಲ್ಲ ಅಲ್ಲೇ ಸೇರುತ್ತವೆ. ಜೂನ್ ಬಂತೆಂದರೆ ದಡದ ನೀರು ಕೆಂಪು ಕೆಸರು, ಉಪ್ಪಿನಂಶವೂ ಇಳಿದಿರುತ್ತದೆ. ಕೋರಲ್‌ಗೆ ಉಪ್ಪು ಲೀಟರಿಗೆ 35 ಗ್ರಾಂ ಹತ್ತಿರ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ತೋರಿಸಬೇಕು, ಮತ್ತೆ ಅದು ದಿನಾ ಹಾಗೇ ಇರಬೇಕು. ಹೊಯಿಗೆಯೂ ಬೇಡ, ರೀಫ್ ಟ್ಯಾಂಕಿಗೆ ಹಾಕುವ ಅರಾಗೊನೈಟ್ (ಸುಣ್ಣದ) ಮರಳು ಒಂದು ಚೀಲ ತರಿಸಿ, ಇಲ್ಲವೇ ತಳ ಸುಮ್ನೆ ಖಾಲಿ ಬಿಡಿ.

ಬೇಕಲ_ಬೋಟ್:
ಮೇಲಿನವರ ಮಾತು ಮಳೆಗಾಲಕ್ಕೆ ಸರಿ, ಇಡೀ ವರ್ಷಕ್ಕಲ್ಲ. ಜನವರಿ, ಫೆಬ್ರವರಿಯಲ್ಲಿ ಬೋಟಿನವರು ದಡದಿಂದ ದೂರ ಹೋದಾಗ ಕ್ಯಾನಿನಲ್ಲಿ ನೀರು ತಂದು ಕೊಡುತ್ತಾರೆ. ಮುಚ್ಚಿ ಕತ್ತಲಲ್ಲಿ ಒಂದೆರಡು ವಾರ ಇಟ್ಟು, ಬಟ್ಟೆಯಲ್ಲಿ ಸೋಸಿ, ಉಪ್ಪು ಅಳೆದು ಹಾಕಿದರೆ ನಡೆಯುತ್ತದೆ. ನಾನು ಹಾಕುತ್ತಿದ್ದೇನೆ. ಆದರೆ ಬಂದರಿನ ಹತ್ತಿರ ಡೀಸೆಲ್ ತೇಲುವ ಕಡೆಯದ್ದು ಮುಟ್ಟಲೇ ಬೇಡಿ.

ಮಂಜೇಶ್ವರದವ:
ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹೊಸಬರು ಪ್ರತಿ ವಾರ 6 ಲೀಟರ್ ಬದಲಿಸಬೇಕು, ಆಗಸ್ಟಿನಲ್ಲಿ ಯಾವ ಬೋಟಿನವರನ್ನು ಕೇಳುವುದು?

ಕುಂಬಳೆ_ಹುಡುಗ:
ಸರಿ, ನಾನೇ ಕಲಸುತ್ತೇನೆ. ಬಾಯಾರಿನ ಅಜ್ಜನಮನೆಯಲ್ಲಿ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಕನ್ನಡಿ ಹಾಗಿದೆ, ಅದಕ್ಕೆ ಅಂಗಡಿ ಕಲ್ಲುಪ್ಪು ಹಾಕಿದರೆ ಸಾಕಾ?

ಮಂಜೇಶ್ವರದವ:
ಕಲ್ಲುಪ್ಪು ಉಪ್ಪಿನಕಾಯಿಗೆ ಇರಲಿ! ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ, ಕ್ಷಾರ ಕೋರಲ್‌ಗೆ ಬೇಕಾದಷ್ಟು ಇರುವುದಿಲ್ಲ. ರೀಫ್ ಸಾಲ್ಟ್ ಎಂದೇ ಸಿಗುತ್ತದೆ, 60 ಲೀಟರಿಗೆ 2 ಕಿಲೋ ಚಿಲ್ಲರೆ ಬೇಕು. ಸುರಂಗದ ನೀರು ಕುಡಿಯಲು ಚೆಂದ, ಆದರೆ ನೈಟ್ರೇಟ್, ಸಿಲಿಕಾ ಕಣ್ಣಿಗೆ ಕಾಣುವುದಿಲ್ಲ. ಆರ್‌ಒ, ಡಿಐ ಎಂಬ ಎರಡೂ ಶುದ್ಧೀಕರಣ ದಾಟಿದ ನೀರೇ ಬೇಕು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಸೊನ್ನೆ. ಉಪ್ಪು ಕಲಸಿ ಪಂಪ್ ಹಾಕಿ ಒಂದು ದಿನ ತಿರುಗಲು ಬಿಡಿ.

ನೀರ್ಚಾಲು_ರೀಫ್:
ಯಾರೂ ಸೈಕಲ್ (ಕೊಳೆ ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರುವ ಹಂತ) ಬಗ್ಗೆ ಹೇಳಲಿಲ್ಲ, ಹೊಸಬರ ಮೀನು ಸಾಯುವುದು ಹೆಚ್ಚಾಗಿ ಅಲ್ಲೇ. ಕಲ್ಲು, ನೀರು ಹಾಕಿ ಚಿಟಿಕೆ ಮೀನಿನ ಆಹಾರ ಉದುರಿಸಿ ಕಾಯಿರಿ. ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ನೈಟ್ರೈಟ್, ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಂಡ ಮೇಲೆ ಮೀನು. 4 ರಿಂದ 6 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಗಾಜಿಗೆಲ್ಲ ಕಂದು ಪಾಚಿ ಮೆತ್ತಿಕೊಳ್ಳುತ್ತದೆ, ಹೆದರಿ ಎಲ್ಲ ತೊಳೆದುಬಿಡಬೇಡಿ. ಕೋರಲ್ ಇನ್ನೂ ಒಂದೆರಡು ತಿಂಗಳು ಬಿಟ್ಟು ಸಾಕು.

ಬಿಸಿಲಿನ ವಿಷಯ: 25ರಿಂದ 27 ಡಿಗ್ರಿ ಒಳ್ಳೆಯದು, ಏಪ್ರಿಲ್‌ನಲ್ಲಿ ನಮ್ಮ ಕೋಣೆಯೇ 33. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ಊದಲಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಮೇ ಕೊನೆಯ ಸೆಕೆಯಲ್ಲಿ ಗಾಳಿಯೇ ಒದ್ದೆ, ಆಗ ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ. ಆ ದಿನಗಳಲ್ಲಿ ಲೈಟ್ ರಾತ್ರಿ ಹೊತ್ತಿಗೆ ಇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಕೂರುತ್ತದೆ. 60 ಲೀಟರಿನಲ್ಲಿ 3 ಲೀಟರ್ ಹೋದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 37ರ ಹತ್ತಿರ. ಗಾಜಿಗೆ ಟೇಪ್ ಅಂಟಿಸಿ, ಆ ಗೆರೆವರೆಗೆ ದಿನಾ ಉಪ್ಪಿಲ್ಲದ ಆರ್‌ಒ ನೀರು ತುಂಬಿಸಿ. ಗಾಳಿಮಳೆಗೆ ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಇಲ್ಲದೆ ಆಗದು, ಅದನ್ನು ಮೊದಲೇ ಖರೀದಿಸಿ.

ಬೇಕಲ_ಬೋಟ್:
ಇನ್ನೊಂದು. ಝೋವಾ ಮುಟ್ಟುವಾಗ ಗ್ಲೌಸ್ ಹಾಕಿ, ಕೆಲವದರಲ್ಲಿ ಪಾಲಿಟಾಕ್ಸಿನ್ ವಿಷ ಇರುತ್ತದೆ. ಅದು ಅಂಟಿದ ಕಲ್ಲನ್ನು ಶುಚಿ ಮಾಡಲು ಅಂತ ಬಿಸಿನೀರಿನಲ್ಲಿ ಕುದಿಸಲೇ ಬೇಡಿ, ಆ ಆವಿ ಮನೆಯವರೆಲ್ಲರನ್ನೂ ಆಸ್ಪತ್ರೆಗೆ ಕಳಿಸಬಹುದು.