ವಿಗರ್ 20ಕ್ಕೆ ಇಳ್ಸಿದ್ದು ಯಾರು?

ಸೀನ: ಲೇ ನಮ್ ಎಲ್ಡೆನ್ ರಿಂಗ್ ಗೇಮ್ ಕ್ಯಾರೆಕ್ಟರ್ ಯಾರೋ ಮುಟ್ಟಿದ್ದು? ಈಗ ಆನ್ ಮಾಡ್ದೆ, ಹೆಲ್ತ್ ಕೊಡೋ ವಿಗರ್ 40 ಇದ್ದಿದ್ದು 20 ಆಗಿದೆ, ಏಟಿನ ಜೋರು ಹೆಚ್ಚಿಸೋ ಡೆಕ್ಸ್ ನೋಡಿದ್ರೆ 60

ಮಂಜ: ನಾನೇ ಮಗಾ. ಪ್ಲೇಸ್ಟೇಷನ್ ಹೋದ್ವಾರ ನಮ್ಮನೇಲಿತ್ತಲ್ಲ, ಗೇಮ್‌ನಲ್ಲಿ ರೆನ್ನಾಲಾ ಹತ್ರ ಹೋಗಿ ರೀಸ್ಪೆಕ್ ಮಾಡ್ದೆ, ಪಾಯಿಂಟ್ಸ್ ಎಲ್ಲಾ ಹೊಸದಾಗಿ ಹಂಚ್ದೆ. ಆ ಬಾಸ್ ಮೋರ್ಗಾಟ್ ಹತ್ರ ಎಷ್ಟ್ ದಿನ ಅಂತ ಸಾಯೋದು, ಬೇಗ ಹೊಡ್ದು ಮುಗಿಸ್ಬಿಟ್ರೆ ಅವ್ನು ನಮಗೆ ಹೊಡೆಯೋ ಚಾನ್ಸೇ ಇರಲ್ಲ

ಸೀನ: ರೀಸ್ಪೆಕ್‌ಗೆ ಬೇಕಾಗೋ ಲಾರ್ವಲ್ ಟಿಯರ್ ಉಳ್ದಿದ್ದೇ ಒಂದು, ಅದನ್ನೂ ಖರ್ಚು ಮಾಡ್ದೆ! ನಾಲ್ಕ್ ಜನ ದುಡ್ ಹಾಕಿ ತಗೊಂಡಿರೋ ಗೇಮ್, ಎಲ್ರಿಗೂ ಒಂದೇ ಸೇವ್, ಒಂದ್ ಮೆಸೇಜ್ ಹಾಕಿ ಕೇಳೋಕಾಗ್ತಿರ್ಲಿಲ್ವಾ

ಮಂಜ: ಸಾರಿ ಕಣೋ, ಕೇಳ್ಬೇಕಿತ್ತು, ಒಪ್ತೀನಿ. ಆದ್ರೆ ಬಿಲ್ಡ್, ಅಂದ್ರೆ ಪಾಯಿಂಟ್ ಹಂಚಿರೋದು, ಸರಿಯಾಗೇ ಇದೆ. ರಾಡಗಾನ್ಸ್ ಸೋರ್‌ಸೀಲ್ ಅನ್ನೋ ಟ್ಯಾಲಿಸ್ಮನ್ (ತಾಯಿತ) ಹಾಕಿದೀನಿ, ಅದೇ 5 ವಿಗರ್ ಕೊಡುತ್ತೆ, ಹೆಲ್ತ್ 800 ಇದೆ

ವಿದ್ಯಾ: ಮಂಜ ಮೋರ್ಗಾಟ್ ಸತ್ನಾ?

ಮಂಜ: ಇನ್ನೂ ಇಲ್ಲ

ವಿದ್ಯಾ: ಎಷ್ಟ್ ಟ್ರೈ ಮಾಡ್ದೆ

ಮಂಜ: 23. ಆದ್ರೆ ಒಂದ್ಸಲ ಅವ್ನಿಗೆ ಇಷ್ಟೇ ಇಷ್ಟು ಉಳ್ದಿತ್ತು ಕಣೇ

ವಿದ್ಯಾ: ನೋಡು, ಲೆಕ್ಕ ಹಾಕಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ವಿಗರ್ 20ಕ್ಕೆ ಹೆಲ್ತ್ 652, ಸೀಲ್ ಹಾಕಿದ್ಮೇಲೆ 25 ಲೆಕ್ಕ, ಅದಕ್ಕೆ 800, ಅಲ್ಲೀವರ್ಗೂ ಸರಿ, ಆದ್ರೆ ಅದೇ ಸೀಲ್ ಬೀಳೋ ಏಟನ್ನ 15% ಜಾಸ್ತಿ ಮಾಡುತ್ತೆ ಅನ್ನೋದನ್ನ ನೀನು ಲೆಕ್ಕಕ್ಕೇ ತಗೊಂಡಿಲ್ಲ, 800ನ 1.15ರಿಂದ ಭಾಗಿಸು, 696 ಬರುತ್ತೆ, ಅಂದ್ರೆ ನಿಂಗ್ ನಿಜವಾಗ್ಲೂ ಸಿಕ್ಕಿದ್ದು 44. ಮೊದ್ಲಿದ್ದ ವಿಗರ್ 40ಕ್ಕೆ ಹೆಲ್ತ್ 1450 ಇತ್ತು, ಸೀಲ್ ಇಲ್ದೆನೇ. ಅರ್ಧಕ್ಕಿಂತ ಜಾಸ್ತಿ ಜೀವ ಕೊಟ್ಟು ಡೆಕ್ಸ್ ತಗೊಂಡಿದೀಯ

ಕಿರಣ: ಅಬ್ಬಾ ಅಷ್ಟಾ

ಮಂಜ: ಲೆವೆಲ್ 1ರಲ್ಲೇ ಇಡೀ ಗೇಮ್ ಮುಗ್ಸೋರಿದಾರೆ ವಿದ್ಯಾ. ಡಾಡ್ಜ್ ಮಾಡಿದ್ರೆ ಹೆಲ್ತ್ ಯಾಕ್ ಬೇಕು

ವಿದ್ಯಾ: ಅವ್ರಿಗೆ ಒಂದೊಂದ್ ಬಾಸ್‌ದೂ ಎಲ್ಲಾ ಮೂವ್ ಬಾಯಿಪಾಠ ಕಣೋ. ನಾವು ಕಲೀತಿರೋರು, ಕಲಿಯೋಕೆ ಫೈಟ್‌ನಲ್ಲಿ ಉಳೀಬೇಕಲ್ವಾ. ಮೊನ್ನೆ ನೀನು ಹಾಕಿದ್ ವೀಡಿಯೋ ಮೂರ್ ಸಲ ನೋಡ್ದೆ. ಒಂದೇಟ್ ಬಿತ್ತು, ಹಿಂದಕ್ ಓಡ್ದೆ, ಹೆಲ್ತ್ ತುಂಬ್ಸೋ ಫ್ಲಾಸ್ಕ್ ಎತ್ತಿದ್ ತಕ್ಷಣ ಅವ್ನು ಆ ಬೆಳಕಿನ ಚಾಕು ಎಸ್ದ, ಅಷ್ಟೇ, ಮುಗೀತು. 1450 ಇದ್ದಿದ್ರೆ ಆ ಚಾಕು ತಿಂದೂ ಫ್ಲಾಸ್ಕ್ ಕುಡೀಬಹುದಿತ್ತು, ಆಮೇಲೆ ಅವ್ನ ಕಾಂಬೋ ಮುಗಿಯೋವರ್ಗೂ ಕಾದು ಇನ್ನೊಂದ್ ನಾಲ್ಕೇಟು ಹಾಕ್ಬಹುದಿತ್ತು. ಹಾಗೆ ಉಳ್ಕೊಂಡು ಹೊಡೆಯೋ ಏಟೂ ಡ್ಯಾಮೇಜೇ ತಾನೆ, ಅದು ನಿನ್ ಡೆಕ್ಸ್ ನಂಬರ್‌ನಲ್ಲಿ ಕಾಣಲ್ಲ ಅಷ್ಟೇ

ಸೀನ: ಕರೆಕ್ಟ್

ಮಂಜ: ಸರಿ, ಹಾಗಾದ್ರೆ ಡ್ಯಾಮೇಜ್ ಎಲ್ಲಿಂದ ತರ್ತೀಯಾ? ಬರೀ ವಿಗರ್ ಹಾಕ್ಕೊಂಡು ಅರ್ಧ ಗಂಟೆ ಸುತ್ತಾ ಇರೋದಾ

ವಿದ್ಯಾ: ಕತ್ತಿಯಿಂದ! ನಮ್ ಕತ್ತಿ ಉಚಿಗತಾನದ ಅಪ್‌ಗ್ರೇಡ್ ಇನ್ನೂ +12ರಲ್ಲೇ ಇದೆ ನೋಡು, ಮೋರ್ಗಾಟ್ ಇರೋ ಲೆಯ್ನ್‌ಡೆಲ್‌ವರ್ಗೂ ಬಂದು +12. 5ನೇ ನಂಬರ್ ಸ್ಮಿಥಿಂಗ್ ಸ್ಟೋನ್ 12 ಸಿಕ್ರೆ +15 ಆಗುತ್ತೆ, ಆಲ್ಟಸ್ ಗಣಿಗಳಲ್ಲಿ ಹುಡುಕಿದ್ರೆ ಸಿಗುತ್ತೆ, ಅದಕ್ಕೆ ಒಂದು ಲೆವೆಲ್ಲೂ ಖರ್ಚಿಲ್ಲ. ಇನ್ನೊಂದು, ಆ ಕತ್ತೀಲಿ ಬ್ಲೀಡ್, ಅಂದ್ರೆ ರಕ್ತ ಸುರಿಸೋ ಗುಣ, ಇದ್ದೇ ಇದೆ, ಬ್ಲೀಡ್ ಆದಾಗ ಬಾಸ್‌ನ ಒಟ್ಟು ಹೆಲ್ತ್‌ನಲ್ಲೇ ಒಂದ್ ಪಾಲು ಹೋಗುತ್ತೆ, ಅದಕ್ಕೂ ನಿನ್ ಡೆಕ್ಸ್‌ಗೂ ಸಂಬಂಧ ಇಲ್ಲ

ಕಿರಣ: ಹಾಗಾದ್ರೆ ವಿಗರ್ 99 ಮಾಡ್ಬಿಡೋಣ್ವಾ

ವಿದ್ಯಾ: ಬೇಡ ಕಿರಣ. 60ಕ್ಕೆ 1900, 99ಕ್ಕೆ 2100. 39 ಲೆವೆಲ್‌ಗೆ ಬರೀ 200, ದಂಡ. ಈಗ 40 ಸಾಕು, ಡೆಕ್ಸ್ 40, ಆಮೇಲೆ ಬರೋ ಲೆವೆಲ್ ಅರ್ಧರ್ಧ ಹಂಚೋಣ

ಮಂಜ: ಸೀಲ್?

ವಿದ್ಯಾ: ತೆಗ್ದು ಡ್ರಾಗನ್‌ಕ್ರೆಸ್ಟ್ ಶೀಲ್ಡ್ ಟ್ಯಾಲಿಸ್ಮನ್ ಹಾಕು, ಫಿಸಿಕಲ್ ಏಟು 10% ಕಮ್ಮಿಯಾಗುತ್ತೆ. ಶುರುನಲ್ಲಿ ಸೀಲ್ ಒಳ್ಳೇದೇ, ನಾನೇ ಹಾಕ್ಕೊಂಡು ಆಡಿದೀನಿ, ಈಗ ಬೇಡ

ಮಂಜ: ಸರಿ ಬಿಡು, ಒಪ್ಕೊಂಡೆ. ಆದ್ರೆ ಟಿಯರ್ ಎಲ್ಲಿದೆ ಈಗ, ಅದೇ ಇಲ್ವಲ್ಲ

ಸೀನ: ಅದನ್ನೇ ನಾನೂ ಹೇಳ್ತಿರೋದು

ವಿದ್ಯಾ: ಗೇಮ್‌ನಲ್ಲಿ ಪಿಡಿಯಾ ಅಂತ ಒಬ್ನಿದಾನೆ, ಗೇಮ್ ದುಡ್ಡು ರೂನ್ಸ್ 3000 ಕೊಟ್ರೆ ಒಂದ್ ಮಾರ್ತಾನೆ. ಕ್ಯಾರಿಯಾ ಮ್ಯಾನರ್ ಹಿಂದೆ ತ್ರೀ ಸಿಸ್ಟರ್ಸ್ ಅನ್ನೋ ಜಾಗದ ಕಡೆಯಿಂದ ಬಂಡೆ ಅಂಚಲ್ಲಿ ಕೆಳಗಿಳೀಬೇಕು, ನಾವ್ಯಾರೂ ಆ ಕಡೆ ಹೋಗೇ ಇಲ್ಲ

ಸೀನ: ಇವತ್ ರಾತ್ರಿ ಎಲ್ರೂ ನಮ್ಮನೆಗ್ ಬನ್ನಿ. ಕಂಟ್ರೋಲರ್ ವಿದ್ಯಾ ಕೈಗೆ

ಮಂಜ: 9ಕ್ಕೆ ಬರ್ತೀನಿ. ಗೇಮ್‌ನಲ್ಲಿ ದಾರೀಲಿ ಸತ್ತು ರೂನ್ಸ್ ಬೀಳಿಸ್ಕೋಬೇಡಿ, 4200 ಇದೆ ಅಷ್ಟೇ