ಅಪ್ಪನ ಡೈರಿಯಲ್ಲಿ 340 ಹೆಸರು, ಕೈಯಲ್ಲಿ ಅಷ್ಟು ದುಡ್ಡಿಲ್ಲ: ತಂಗಿಯ ಮದುವೆಯಲ್ಲಿ ಇನ್ನೇನನ್ನು ಕತ್ತರಿಸಲಿ?

ಮದುಮಗಳ ಅಕ್ಕ ಕೇಳಿದ್ದು:

ತಂಗಿಯ ಮದುವೆಗೆ ಇನ್ನು 5 ತಿಂಗಳಿದೆ. ಮನೆಯಲ್ಲಿ ಲೆಕ್ಕ ಬರೆದಿಡುವ ಅಭ್ಯಾಸ ಇರುವುದು ನನಗೊಬ್ಬಳಿಗೇ. ಹಾಗಾಗಿ ಖರ್ಚಿನ ಉಸ್ತುವಾರಿ ನನ್ನ ತಲೆಗೆ ಬಂದಿದೆ. ತಂಗಿ ಮತ್ತು ಅವಳ ಹುಡುಗ ಕೂಡಿಟ್ಟದ್ದು, ನನ್ನದೊಂದಿಷ್ಟು, ಅಪ್ಪನ ಠೇವಣಿಯ ಅರ್ಧ, ಇಷ್ಟೇ ನಮ್ಮ ಗಂಟು. ಠೇವಣಿಯ ಉಳಿದರ್ಧ ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆ, ಅದನ್ನು ಮುಟ್ಟುವುದಿಲ್ಲ. ಸಾಲವಂತೂ ಬೇಡವೇ ಬೇಡ ಎಂದು ಮದುವೆಯಾಗುವವರಿಬ್ಬರೂ ಹೇಳಿಬಿಟ್ಟಿದ್ದಾರೆ.

ಮೂರು ವಾರದಿಂದ ಕತ್ತರಿಯಾಡಿಸುತ್ತಲೇ ಇದ್ದೇನೆ. ಅಚ್ಚು ಹಾಕಿಸಿದ ಆಮಂತ್ರಣ ಹಿರಿಯರಿಗಷ್ಟೇ, ಉಳಿದವರಿಗೆ ಮೊಬೈಲ್‌ನಲ್ಲಿ. ವೇದಿಕೆಗೆ ಹೂವು ಅರ್ಧಕ್ಕರ್ಧ ಕಡಿಮೆ. ಡ್ರೋನ್ ಚಿತ್ರೀಕರಣ ಇಲ್ಲ. ಇಷ್ಟಾದರೂ ಅಂದಾಜು ಖರ್ಚು ನಮ್ಮಲ್ಲಿರುವ ಹಣಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿದೆ.

ಇನ್ನೊಂದು ಸಂಗತಿ. ಅಪ್ಪ ಹಳೆಯ ಡೈರಿಯೊಂದರಲ್ಲಿ ಕರೆಯಬೇಕಾದವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಾರೆ. ಮೊದಲ ದಿನ 120 ಇತ್ತು. ನಿನ್ನೆ ಎಣಿಸಿದೆ, 340. ರಬ್ಬರ್ ತಾಗಿದ ಗುರುತು ಒಂದು ಪುಟದಲ್ಲೂ ಇಲ್ಲ. ಹುಡುಗನ ಕಡೆಯ 70 ಜನ ಇದಕ್ಕೆ ಹೊರತು.

ಸಾಲ ತೀರಿಸಿದವನು ಬರೆದದ್ದು:

ಸಾಲ ಬೇಡ ಎಂದಿರುವ ಜೋಡಿಗೆ ನನ್ನ ನಮಸ್ಕಾರ. ಮದುವೆಯ ಮರುದಿನದ ಒಂದು ಸಂಜೆಯ ಔತಣಕ್ಕಾಗಿ ಮಾಡಿದ ಸಾಲವನ್ನು ನಾನು 36 ಕಂತುಗಳಲ್ಲಿ ಕಟ್ಟಿದೆ. ಕೊನೆಯ ಕಂತು ಕಟ್ಟಿದ ದಿನ ನನ್ನ ಮಗಳು ಮನೆಯಲ್ಲೆಲ್ಲ ಓಡಾಡುತ್ತಿದ್ದಳು. ಆ ಔತಣದಲ್ಲಿ ಏನು ಬಡಿಸಿದೆವೆಂಬುದು ನನಗೇ ನೆನಪಿಲ್ಲ.

ಛತ್ರದ ಬಗ್ಗೆ ಒಂದು ಮಾತು. ಬಾಡಿಗೆ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ನಮಗೆ ಬಾಡಿಗೆ ಹೇಳಿದ್ದು ಒಂದು, ಕೊನೆಯ ಬಿಲ್ಲಿನಲ್ಲಿದ್ದದ್ದು ಇನ್ನೊಂದು. ವಿದ್ಯುತ್ ಬೇರೆ, ಜನರೇಟರ್ ಗಂಟೆಯ ಲೆಕ್ಕದಲ್ಲಿ, ಪಾತ್ರೆ ಬೇರೆ, ಗುಡಿಸಿದ್ದಕ್ಕೆ ಬೇರೆ. ಹಾಗಾಗಿ ಮುಂಗಡದಲ್ಲಿ ಒಂದು ಕಾಸೂ ಹಿಂದಕ್ಕೆ ಬರಲಿಲ್ಲ. ಎಲ್ಲವನ್ನೂ ಬರೆಸಿಕೊಳ್ಳಿ. ಬೀಗದ ಕೈ ತೆಗೆದುಕೊಳ್ಳುವಾಗ ವಿದ್ಯುತ್ ಮೀಟರಿನದೊಂದು ಫೋಟೊ, ಹಿಂದಿರುಗಿಸುವಾಗ ಇನ್ನೊಂದು. ದಿನಾಂಕ ಬದಲಾದರೆ ಮುಂಗಡದ ಗತಿ ಏನೆಂಬುದೂ ಅದೇ ಕಾಗದದಲ್ಲಿರಲಿ.

ಅಡುಗೆಯ ಉಸ್ತುವಾರಿಯವನು ಬರೆದದ್ದು:

ಮದುವೆ ಅಡುಗೆಯ ಗುತ್ತಿಗೆದಾರರ ಬಳಿ 22 ವರ್ಷ ಮೇಲ್ವಿಚಾರಣೆ ಮಾಡಿದವನು ನಾನು. ತಾಯಿ, ನೀವು ಹೂವು ಕತ್ತರಿಸುತ್ತಿದ್ದೀರಿ, ಅಪ್ಪನವರು ಊಟ ಬೆಳೆಸುತ್ತಿದ್ದಾರೆ. ಗೆಲ್ಲುವವರು ಅವರೇ.

ಛಾಯಾಗ್ರಾಹಕ, ಮದುಮಗಳ ಉಡುಪು ಇವೆಲ್ಲ ಹತ್ತು ಜನ ಬಂದರೂ ಸಾವಿರ ಜನ ಬಂದರೂ ಅಷ್ಟೇ. ಊಟ, ಕುರ್ಚಿ, ನೀರು, ಉಳಿದುಕೊಳ್ಳುವ ಕೋಣೆ, ಕೊನೆಗೆ ಛತ್ರದ ಅಳತೆ, ಇವು ತಲೆ ಎಣಿಸಿ ಏರುವಂಥವು. ನಿಮ್ಮ ಅಂದಾಜಿನಲ್ಲಿ ಅರ್ಧದಷ್ಟು ಇಂಥವೇ ಇರುತ್ತವೆಂದು ನನ್ನ ಊಹೆ, ನೋಡಿ ಹೇಳಿ. ಕೈಯಲ್ಲಿರುವುದಕ್ಕಿಂತ ಮೂರನೇ ಒಂದು ಹೆಚ್ಚು ಎಂದರೆ ಒಟ್ಟು ಅಂದಾಜಿನ ಕಾಲು ಭಾಗ. ಜನ ಅರ್ಧವಾದರೆ ಆ ಕಾಲು ಭಾಗ ತಾನಾಗಿ ಇಳಿಯುತ್ತದೆ. ಹೂವನ್ನು ಬೇಕಾದರೆ ವಾಪಸ್ ತನ್ನಿ.

ಗುತ್ತಿಗೆದಾರರು ‘ಕನಿಷ್ಠ ಇಷ್ಟು ತಟ್ಟೆ’ ಎಂದು ಬರೆಸುತ್ತಾರೆ. 300 ಎಂದು ಒಪ್ಪಿಕೊಂಡು 210 ಜನ ಬಂದರೂ 300ಕ್ಕೇ ಹಣ ಕೊಡಬೇಕು. ಆದ್ದರಿಂದ ಖಂಡಿತ ಬರುವವರಷ್ಟನ್ನೇ ಕನಿಷ್ಠವೆಂದು ಬರೆಸಿ, ಅದರ ಮೇಲಿನ ತಟ್ಟೆಗೂ ಅದೇ ದರ ಎಂದು ಸೇರಿಸಿ. ಸಂಖ್ಯೆ ಬದಲಾಯಿಸಲು ಕೊನೆಯ ದಿನ ಯಾವುದೆಂದು ಕೇಳಿ. ಮುಹೂರ್ತದ ವೇಳೆಯನ್ನು ಒಂದೇ ಹೊತ್ತಿನ ಊಟಕ್ಕೆ ಹೊಂದುವಂತೆ ಇಟ್ಟುಕೊಳ್ಳಿ. ಬೆಳಿಗ್ಗೆ ಬಂದವರು ರಾತ್ರಿಯವರೆಗೆ ಉಳಿದರೆ ಒಬ್ಬ ಅತಿಥಿ ಮೂವರಾಗುತ್ತಾನೆ.

ಎಣಿಸಲು ನಿಮ್ಮ ಕಡೆಯವರೊಬ್ಬರಿರಲಿ. ಒಂದು ಮದುವೆಯಲ್ಲಿ ತಟ್ಟೆ ಕೊಡುವ ಮೇಜಿನ ಪಕ್ಕ ಒಬ್ಬ ಹುಡುಗ ಕುಳಿತಿದ್ದ. ಹತ್ತು ತಟ್ಟೆ ಹೋದಾಗಲೆಲ್ಲ ಎಡ ಜೇಬಿನಿಂದ ಬಲ ಜೇಬಿಗೆ ಒಂದು ಬೆಂಕಿಕಡ್ಡಿ. ಆಟವಾಡುತ್ತಿದ್ದಾನೆ ಎಂದುಕೊಂಡೆವು. ನಮ್ಮ ಬಿಲ್ಲಿನಲ್ಲಿ 260 ತಟ್ಟೆ. ಅವನು ಮೇಜಿನ ಮೇಲೆ ಸುರಿದದ್ದು 23 ಕಡ್ಡಿ. ನಮ್ಮವರು ನಮ್ಮ ಬಡಿಸುವ ಹುಡುಗರ ಊಟವನ್ನೂ ಸೇರಿಸಿಬಿಟ್ಟಿದ್ದರು. ಮರುಮಾತಿಲ್ಲದೆ ತಿದ್ದಿಕೊಟ್ಟೆವು.

ಮಗಳ ಮದುವೆ ಮುಗಿಸಿದ ತಂದೆ ಬರೆದದ್ದು:

ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ನಾನು ಡೈರಿ ಬರೆದ ಕಡೆಯವನು. ನನ್ನ ಮಗಳೂ ಪಟ್ಟಿ ಇಳಿಸಿದಳು, ತಾನೇ ಕುಳಿತು ಗೀಟು ಎಳೆದಳು. 30 ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕುಳಿತಿದ್ದವನ ಹೆಸರು ಹೋಯಿತು. ವರ್ಷಕ್ಕೊಮ್ಮೆಯೂ ಮುಖ ತೋರಿಸದ ದೂರದ ನೆಂಟರ ಹೆಸರು ಉಳಿಯಿತು. ಅವಳಿಗೇನು ಗೊತ್ತು? ನಾನೂ ಬಾಯಿ ಬಿಡಲಿಲ್ಲ. ಈಗ ಅವನು ದಾರಿಯಲ್ಲಿ ಸಿಕ್ಕರೆ ನಾನು ಆಚೆ ಬದಿಗೆ ದಾಟುತ್ತೇನೆ. ಎಷ್ಟು ಜನ ಎಂಬುದನ್ನು ನೀವು ಹೇಳಿ. ಯಾರು ಎಂಬುದನ್ನು ಅವರಿಗೆ ಬಿಡಿ. ರಬ್ಬರ್ ಅವರ ಕೈಯಲ್ಲಿರಲಿ.

ಮದುಮಗಳ ಅಕ್ಕ, ಎರಡು ವಾರದ ನಂತರ:

ಅಡುಗೆಯವರ ಊಹೆ ಹೆಚ್ಚುಕಡಿಮೆ ಸರಿ. ತಲೆ ಲೆಕ್ಕದ ಖರ್ಚು ಅರ್ಧಕ್ಕಿಂತ ತುಸು ಹೆಚ್ಚೇ ಇತ್ತು. ಅಪ್ಪನಿಗೆ ಮೊದಲ ದಿನ ಅವರೇ ಬರೆದ 120 ಅನ್ನೇ ತೋರಿಸಿ, ಇಷ್ಟರೊಳಗೆ ಯಾರಾದರೂ ಸರಿ ಎಂದೆ. ಎರಡು ದಿನ ನನ್ನೊಂದಿಗೆ ಮಾತಿಲ್ಲ. ಮೂರನೆಯ ದಿನ ಕನ್ನಡಕ ಹಾಕಿಕೊಂಡು ಫೋನ್ ಹಿಡಿದು ಕುಳಿತರು. ಕೆಲವರ ಸಂಖ್ಯೆಯೇ ಇರಲಿಲ್ಲ. ಒಬ್ಬರು ತೀರಿಕೊಂಡು ವರ್ಷವಾಗಿದೆ ಎಂಬುದು ಫೋನ್ ಮಾಡಿದಾಗಲೇ ತಿಳಿದದ್ದು. ಆ ದಿನ ಮತ್ತೆ ಡೈರಿ ತೆರೆಯಲಿಲ್ಲ.

ಈಗ 134ಕ್ಕೆ ಬಂದು ನಿಂತಿದೆ. ಇನ್ನು ಕೇಳುವ ಧೈರ್ಯ ನನಗಿಲ್ಲ. ಹುಡುಗನ ಕಡೆಯವರನ್ನು ಸೇರಿಸಿದರೆ 204. ಕನಿಷ್ಠ 170 ತಟ್ಟೆ, ಮೇಲಿನದಕ್ಕೂ ಅದೇ ದರ, ಸಂಖ್ಯೆ ಬದಲಾಯಿಸಲು ಒಂದು ವಾರ ಮುಂಚಿನವರೆಗೆ ಅವಕಾಶ ಎಂದು ಬರೆಸಿಕೊಂಡೆ. ವಾರದ ನಡುವಿನ ದಿನವಾದ್ದರಿಂದ ಚಿಕ್ಕ ಛತ್ರವೊಂದು ಕಡಿಮೆ ಬಾಡಿಗೆಗೆ ಸಿಕ್ಕಿತು. ಹೂವನ್ನು ವಾಪಸ್ ತರುವಷ್ಟು ಉಳಿಯಲಿಲ್ಲ.

ಡೈರಿಯ ಒಂದು ಪುಟ ಉಜ್ಜಿ ಉಜ್ಜಿ ತೂತಾಗಿದೆ. ಯಾರ ಹೆಸರಿತ್ತೋ, ಕೇಳಲಿಲ್ಲ. ತಟ್ಟೆಯ ಮೇಜಿನ ಪಕ್ಕ ಕೂರಲು ಚಿಕ್ಕಪ್ಪನ ಮಗ ಒಪ್ಪಿದ್ದಾನೆ. ಬೆಂಕಿಕಡ್ಡಿ ಬೇಡವಂತೆ, ಮೊಬೈಲ್‌ನಲ್ಲೇ ಎಣಿಸುತ್ತಾನಂತೆ. ಎರಡು ಜೇಬಿರುವ ಅಂಗಿ ಹಾಕಿಕೊಂಡು ಬಾ ಎಂದಿದ್ದೇನೆ.